ಎರಡನೇ ಭಾಗದ ಪರವಾಗಿ

ನವೆಂಬರ್ ೧೬, ಶನಿವಾರ. ಔಲು, ಫಿನ್ಲೆಂಡ್.

‘ಹಿಮದಾರಿ’ ವಿಡಿಯೋ ಗೇಮಿನ ಐದನೇ ಭಾಗ ಇವತ್ತು ಆಡಿ ಮುಗಿಸಿದೆ. ಸಪ್ಪೆ. ನೋಡಲು ಸೊಗಸೇ, ಆದರೆ ದಾರಿ ತಪ್ಪುವ ಹಾಗೇ ಇಲ್ಲ. ಹೆಜ್ಜೆಹೆಜ್ಜೆಗೂ ಬಾಣದ ಗುರುತೊಂದು ಮುಂದೆ ಓಡುತ್ತದೆ. ಎರಡನೇ ಭಾಗದಲ್ಲಿ ನಕ್ಷೆಯೇ ಇರಲಿಲ್ಲ. ಹಿಮಗಾಳಿಯಲ್ಲಿ ಅಲೆದು ಅಲೆದು, ಕೊನೆಗೆ ದೂರದಲ್ಲೊಂದು ಕಿಟಕಿಯ ಬೆಳಕು ಕಂಡಾಗ ಆಗುತ್ತಿದ್ದ ಖುಷಿ! ಅದರ ಮುಂದೆ ಉಳಿದ ನಾಲ್ಕನ್ನೂ ನಿವಾಳಿಸಿ ಬಿಸಾಡಬೇಕು.

ಗೆಳೆಯ ವಾಲ್ಟೆರಿ ಇದನ್ನು ಯಾವತ್ತೂ ಒಪ್ಪಿದವನಲ್ಲ. ಅವನು ಈ ಊರಲ್ಲಿದ್ದಷ್ಟು ದಿನ ಪ್ರತಿ ಶನಿವಾರ ಸೌನಾದ ಬಿಸಿ ಹಬೆಕೋಣೆಯಲ್ಲಿ ಕೂತು ಇದೇ ಜಗಳ.

“ನಿನ್ನ ಎರಡನೇದು ಶುದ್ಧ ಕಸ ಕಣೋ. ಮೂರನೇದು ನೋಡು, ಅದು ಆಟ ಅಂದ್ರೆ!”

ವಾದದಲ್ಲಿ ಸೋತವನು ಎದ್ದು ಕಾದ ಕಲ್ಲಿಗೆ ನೀರು ಹೊಯ್ಯಬೇಕೆಂಬುದು ನಮ್ಮ ಕಟ್ಟಳೆ. ಇಬ್ಬರೂ ಸೋಲೊಪ್ಪದೆ, ಕಲ್ಲು ತಣ್ಣಗಾಗುವವರೆಗೆ ಕೂತದ್ದೂ ಉಂಟು.

ಈಗ ಅವನಿರುವುದು ಸ್ವೀಡನ್ನಿನಲ್ಲಿ. ಸಂಜೆ ಫೋನ್ ಮಾಡಿ ಬೇಕೆಂದೇ ಕೆಣಕಿದೆ: “ಐದನೇದು ನಿನ್ನ ಮೂರನೇದರಷ್ಟೇ ದಂಡ ಕಣೋ.”

ಹಿನ್ನೆಲೆಯಲ್ಲಿ ಅವನ ಮಗು ಅಳುತ್ತಿತ್ತು. “ಇರಬಹುದಪ್ಪ,” ಅಂದ. “ಎರಡನೇದೇ ಚೆನ್ನಾಗಿತ್ತು ಬಿಡು. ನೀನು ಹೇಳಿದ್ದೇ ಸರಿ. ಮತ್ತೇನು ಸಮಾಚಾರ?”

ಮೈಯೆಲ್ಲ ಉರಿಯಿತು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಆಮೇಲೆ ಸೌನಾಕ್ಕೆ ಹೋದೆ, ಒಬ್ಬನೇ. ಗೆದ್ದವನಲ್ಲವೇ, ಮೇಲಿನ ಹಲಗೆಯ ಮೇಲೆ ಕೂತು ಕಾದೆ. ಬಹಳ ಹೊತ್ತಾದ ಮೇಲೆ ನಾನೇ ಎದ್ದು ನೀರು ಹೊಯ್ದೆ.