ಹಿಂದಿನ ಕೋಣೆಯ ಕಿಟಕಿ

ವೊಂಜು
ನವೆಂಬರ್ ೯

ಪ್ರೀತಿಯ ಸೊಲ್ಹೀ,

ಹೇಗಿದ್ದೀಯೆ? ಜೇಜು ದ್ವೀಪದ ಗಾಳಿ ಮೈಗೆ ಹಿಡಿಸಿತೇ? ಕಳೆದ ವಾರ ಫೋನಿನಲ್ಲಿ ನೀನು ಮೂರು ಸಲ ಕೆಮ್ಮಿದೆ. ಕೇಳಿದರೆ "ಧೂಳಮ್ಮಾ" ಅಂದೆ. ಸಮುದ್ರದ ನಡುವೆ ಎಲ್ಲಿಯ ಧೂಳು? ಕದ್ದು ಸಿಗರೇಟು ಸೇದುತ್ತಿದ್ದರೆ ಈಗಲೇ ಬಿಡು. ಈ ಮೂಗು ನಿನ್ನ ಅಪ್ಪನನ್ನೇ ಬಿಟ್ಟಿಲ್ಲ.

ಮಾರಲು ಇಟ್ಟ ನಮ್ಮ ನೆಲಮಹಡಿಯ ಫ್ಲ್ಯಾಟನ್ನು ಕೇಳುವವರೇ ಇಲ್ಲ ಎನ್ನುವಾಗ ದಲ್ಲಾಳಿ ಒಂದು ಎಳೆಯ ಜೋಡಿಯನ್ನು ಕರೆತಂದ. ಹೆಂಡತಿಯ ಹೆಸರು ಇನ್‌ಯಂಗ್, ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು. ನಲ್ಲಿ ತಿರುಗಿಸಿದಳು, ಅಡಿಯ ಬಿಸಿನೀರಿನ ಕೊಳವೆಯಿಂದ ನೆಲ ಸರಿಯಾಗಿ ಬಿಸಿಯಾಗುತ್ತದೋ ಎಂದು ಅಂಗೈಯಿಟ್ಟು ನೋಡಿದಳು. ಆಮೇಲೆ ಚೀಲದಿಂದ ಅನ್ನದ ಬಟ್ಟಲಿನಷ್ಟು ದೊಡ್ಡ ಯಂತ್ರ ತೆಗೆದಳು. ವಾರ್ಡ್ ಕಚೇರಿಯಿಂದ ಎರವಲು ತಂದದ್ದಂತೆ. ಕಲ್ಲು ಮಣ್ಣಿನಿಂದ ಏಳುವ ರೇಡಾನ್ ಎಂಬ ಅನಿಲವನ್ನು ಅಳೆಯುತ್ತದಂತೆ. "ಎರಡು ದಿನ ಕಿಟಕಿ ತೆಗೀಬೇಡಿ ಅಜ್ಜಿ, ಅಷ್ಟೇ" ಎಂದಳು. ಬೆಲೆ ಇಳಿಸುವ ಹೂಟ ಎಂದು ನನಗೆ ಆಗಲೇ ಹೊಳೆಯಿತು. ಅದರ ಕೆಂಪು ದೀಪ ನನ್ನನ್ನೇ ನೋಡುತ್ತಿತ್ತು. ಮಾತು ಕದ್ದು ಕೇಳುತ್ತದೋ ಏನೋ ಎಂದು ಟವೆಲ್ ಹೊದಿಸಿದೆ. ನಮ್ಮ ಕಟ್ಟಡದ ಮಹಿಳಾ ಸಂಘದ ಅಧ್ಯಕ್ಷೆ ಬಂದು, "ನಂಬರ್ ಜಾಸ್ತಿ ಬಂದ್ರೆ ಇಡೀ ಕಟ್ಟಡದ ಹೆಸರು ಕೆಡುತ್ತೆ ಕಣ್ರೀ, ಕಿಟಕಿ ಎಲ್ಲಾ ತೆಗೆದಿಡಿ, ಅನಿಲ ಹೊರಗೆ ಹೋಗುತ್ತೆ" ಎಂದು ಕಿವಿಯಲ್ಲಿ ಹೇಳಿಹೋದಳು. ಚಳಿಯಲ್ಲಿ ನಡುಗುತ್ತಾ ಎಲ್ಲ ಕಿಟಕಿ ತೆಗೆದಿಟ್ಟೆ. ಬಂದದ್ದು ಐವತ್ತೆರಡು. ನೂರ ನಲವತ್ತೆಂಟು ದಾಟಬಾರದಂತೆ.

ಆ ಹುಡುಗಿ ನನಗಿಂತ ಅನುಮಾನದವಳು. ನನ್ನ ಕೆಂಪಾದ ಮೂಗು ನೋಡಿ, "ಇನ್ನೆರಡು ದಿನ ಇಡೋಣ ಅಜ್ಜಿ, ಹಿಂದಿನ ಕೋಣೇಲಿ. ಪಾಪು ಮಲಗೋದು ಅಲ್ಲೇ" ಎಂದು ಈಗಷ್ಟೇ ಹೋದಳು. ಒಂದು ಚೀಟಿಯನ್ನೂ ಕೊಟ್ಟಿದ್ದಾಳೆ. ಊಟ ಮುಗಿಸಿ ಓದುತ್ತೇನೆ, ಅದರಲ್ಲೇನು ಸುಳ್ಳಿದೆಯೋ.

ನವೆಂಬರ್ ೧೨

ಕಾಗದ ಅರ್ಧಕ್ಕೇ ನಿಂತಿತ್ತು. ಚೀಟಿಯಲ್ಲಿ ಒಂದು ಸಾಲಿತ್ತು ಮಗಳೇ: ಸಿಗರೇಟು ಮುಟ್ಟದವರಿಗೂ ಈ ಅನಿಲದಿಂದ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಅಪ್ಪನಿಗೆ ಅದೇ ಕಾಯಿಲೆ ಎಂದು ತಿಳಿದ ದಿನದಿಂದ ಅವರ ಜೇಬು ತಡಕಿದವಳು, ಅಂಗಿ ಮೂಸಿದವಳು ನಾನು. ಕೋಟಿನಲ್ಲಿ ಲೈಟರ್ ಸಿಕ್ಕಾಗ ಭೂಮಿ ಆಕಾಶ ಒಂದು ಮಾಡಿದೆ. "ಹಿರಿಯರ ಪೂಜೆಗೆ ಊದುಬತ್ತಿ ಹಚ್ಚೋನು ನಾನಲ್ವೇನೇ?" ಎಂದರು. ನಂಬಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೂ "ಈಗಲಾದ್ರೂ ನಿಜ ಹೇಳಿ" ಎಂದು ಪೀಡಿಸಿದೆ. "ಒಂದೂ ಸೇದಿಲ್ಲ ಕಣೇ" ಎಂದು ಗೋಡೆಯ ಕಡೆ ತಿರುಗಿದರು.

ಈ ಸಲ ಕಿಟಕಿ ತೆಗೆಯಲಿಲ್ಲ. ಯಂತ್ರವನ್ನು ಹಿಂದಿನ ಕೋಣೆಯಲ್ಲಿ ಅವರು ಗಡಿಯಾರ ರಿಪೇರಿ ಮಾಡುತ್ತಿದ್ದ ಮೇಜಿನ ಮೇಲೇ ಇಟ್ಟೆ. ಚಕ್ರಗಳಿಗೆ ಧೂಳು ಕೂರುತ್ತದೆಂದು ಇಪ್ಪತ್ತು ವರ್ಷ ಆ ಕಿಟಕಿಯನ್ನು ಅವರು ಮುಚ್ಚಿಯೇ ಇಟ್ಟಿದ್ದರಲ್ಲ. ಬಂದದ್ದು ನಾನೂರ ಹನ್ನೊಂದು. ಅದೇ ಕಾರಣ ಎಂದು ಯಾವ ಡಾಕ್ಟರೂ ಆಣೆ ಮಾಡಲಾರರು, ಗೊತ್ತು. ಆದರೂ ಸಾಯುವ ಮನುಷ್ಯನ ಒಂದು ಮಾತು ನಂಬಲು ನನಗೇನಾಗಿತ್ತು? ಇನ್‌ಯಂಗ್‌ಗೆ ಎರಡೂ ಸಂಖ್ಯೆ ಹೇಳಿದೆ, ಕಿಟಕಿ ತೆಗೆದದ್ದನ್ನೂ ಒಪ್ಪಿಕೊಂಡೆ. ಮನೆ ಕೊಳ್ಳುತ್ತಾಳೋ ಇಲ್ಲವೋ ತಿಳಿಯದು. ಅಧ್ಯಕ್ಷೆ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಅಪ್ಪನ ತಿಥಿಗೆ ತಪ್ಪದೆ ಬಾ. ಆ ಲೈಟರ್ ನನ್ನ ಪೆಟ್ಟಿಗೆಯಲ್ಲೇ ಇದೆ, ಊದುಬತ್ತಿಯನ್ನು ಅದರಲ್ಲೇ ಹಚ್ಚೋಣ. ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು.

ನಿನ್ನ ಅಮ್ಮ,
ಮಲ್ಸುನ್

ಲಕೋಟೆ ಅಂಟಿಸುವಾಗ ನೆನಪಾಯಿತು: ಹೈಸ್ಕೂಲು ಮುಗಿಯುವವರೆಗೂ ನೀನು ಮಲಗಿದ್ದು ಆ ಮೇಜಿನ ಪಕ್ಕದಲ್ಲೇ. ಕಾಗದ ತಲುಪಿದ ದಿನವೇ ಹೋಗಿ ಎದೆಯ ಸ್ಕ್ಯಾನ್ ಮಾಡಿಸು. ಸಿಗರೇಟು ಸೇದುತ್ತೀಯಾ ಎಂದು ಡಾಕ್ಟರು ಕೇಳುತ್ತಾರೆ, ನಾನು ಕೇಳುವುದಿಲ್ಲ. ನೀನು ಹೇಳಿದ್ದನ್ನು ನಂಬುತ್ತೇನೆ.