ಕೂಡಿಸದೆ ಉಳಿದ ಬಾಗಿಲಗಲ್ಲು

ಭಂಕೂರ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಮಗಳು ಮೈತ್ರಿಗೆ ಅವ್ವನ ಜೈ ಭೀಮ್.

ಹೇಗಿದ್ದೀ? ಅಳಿಯ ದೇವಾನಂದನ ಬೆನ್ನುನೋವು ಇಳಿಯಿತೇ? ಆ ಗ್ರಾನೈಟ್ ಕಾರ್ಖಾನೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ನಿಮ್ಮಪ್ಪನ ಎದೆ ಕೆಟ್ಟಿದ್ದು ಕಲ್ಲಿನ ಧೂಳಿನಿಂದಲೇ, ನೆನಪಿರಲಿ. ನಾನು ಗಟ್ಟಿಯಾಗಿದ್ದೇನೆ. ಅಂಗನವಾಡಿಯ ಮಕ್ಕಳ ಹಿಂದೆ ಓಡಿ ಓಡಿ ಮೊಣಕಾಲಿಗೆ ನೋಯಲಿಕ್ಕೂ ಪುರಸೊತ್ತಿಲ್ಲ. ಫೋನಿನಲ್ಲಿ ಮನೆ ಕೊಳ್ಳುವ ಮಾತು ಬಂದ ಕೂಡಲೇ ನೀನು "ಹೋಗ್ಲಿ ಬಿಡವ್ವ, ಊಟ ಆತೇನ್?" ಎಂದು ತಿರುಗಿಸಿಬಿಡುತ್ತೀ. ಅದಕ್ಕೇ ಹಾಳೆಯ ಮೇಲೆ ಬರೆದು ಫೋಟೊ ಕಳಿಸುತ್ತಿದ್ದೇನೆ. ಹಾಳೆಯ ಬಾಯಿ ಮುಚ್ಚಿಸಲಿಕ್ಕೆ ನಿನಗೆ ಆಗುವುದಿಲ್ಲ.

ನೀವು ಬಾಡಿಗೆಗೆ ಇರುವ ಮನೆಯನ್ನು ಅದರ ಒಡತಿ ಮಾರುತ್ತಿದ್ದಾಳೆ, ಮೊದಲು ನಿಮ್ಮನ್ನೇ ಕೇಳಿದ್ದಾಳೆ, ಈ ತಿಂಗಳು ಮುಗಿಯುವುದರೊಳಗೆ ಹೇಳಬೇಕು. ಅಷ್ಟು ನನಗೆ ತಿಳಿದಿದೆ. ಬ್ರೆಜಿಲಿನಲ್ಲಿ ಸಾಲದ ಬಡ್ಡಿ ಹೆಚ್ಚು, ಕಂತಿಗಿಂತ ಬಾಡಿಗೆ ಹಗುರ ಎಂದು ದೇವಾನಂದ ಹೇಳಿದ. ಅವನ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನೀನು ಹಿಂದೆ ಮುಂದೆ ನೋಡುತ್ತಿರುವುದು ಬಡ್ಡಿಗಾಗಿ ಅಲ್ಲ, ನನಗಾಗಿ. ಮೊನ್ನೆ ರತ್ನದೀಪ ಮಾಮ ಬಂದು, "ಅಕ್ಕ, ಮೈತ್ರಿ ಅಲ್ಲಿ ಮನಿ ತಗೊಂಡ್ಳಂದ್ರ ಮುಗೀತು ನೋಡು, ಆಕಿ ತಿರುಗಿ ಬರಂಗಿಲ್ಲ. ಬಾಡಿಗಿಗಿದ್ರ ಯಾವಾಗರೆ ಬರ್ತಾಳ" ಎಂದ. ಈ ಮಾತನ್ನು ನಿನ್ನ ಕಿವಿಗೂ ಊದಿದ್ದಾನೆಂದು ಆಮೇಲೆ ಗೊತ್ತಾಯಿತು. ಚಹಾ ಕುಡಿಸಿ, ಚೆನ್ನಾಗಿ ಬೈದು ಕಳಿಸಿದೆ. ಮಗಳು ಬರಲಿ ಅಂತ ಆಕೆಯನ್ನು ಪರರ ಸೂರಿನ ಕೆಳಗೆ ಕೂಡ್ರಿಸಬೇಕೇ? ಯಾವ ಸೀಮೆಯ ಮಾತಿದು!

ಬಾಡಿಗೆ ಅಂದರೇನೆಂದು ನನ್ನನ್ನು ಕೇಳು. ನೀನು ಹುಟ್ಟುವ ಮುಂಚೆ ಶಹಾಬಾದಿನಲ್ಲಿ ನಾವು ಓಣಿ ಓಣಿ ತಿರುಗಿದೆವು. ಖಾಲಿ ಮನೆ ತೋರಿಸುತ್ತಿದ್ದರು, ನೀರು ಕೊಡುತ್ತಿದ್ದರು, ಆಮೇಲೆ ಮೆಲ್ಲಗೆ "ನೀವು ಯಾರ ಪೈಕಿ?" ಎನ್ನುತ್ತಿದ್ದರು. ಹೇಳಿದ ಮೇಲೆ ಆ ಮನೆಗೆ ಆಗಲೇ ಯಾರೋ ಮಾತಾಡಿ ಹೋಗಿರುತ್ತಿದ್ದರು. ಕೊನೆಗೆ ಒಬ್ಬರು ಕೊಟ್ಟರು, ನೆಲ ಮಾತ್ರ ಬರೀ ತಗ್ಗು ಕುಣಿ. ನಿಮ್ಮಪ್ಪ ಭೀಮಶ್ಯಾ ಫರಸಿ ಕೆಲಸದವನು, ಊರವರ ನೆಲಕ್ಕೆಲ್ಲ ಕಲ್ಲು ಹಾಸಿದವನು, ಕೆಟ್ಟ ನೆಲದ ಮೇಲೆ ಕೂತು ಊಟ ಮಾಡಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಕಲ್ಲಿಗೆ ಪಾಲಿಶ್ ಮಾಡುವ ಅಂಗಳದಲ್ಲಿ ಮೂಲೆ ಮುರಿದು ಬಿದ್ದ ಕಲ್ಲುಗಳನ್ನು ಬೇಡಿ ತಂದು, ಪ್ರತಿ ರವಿವಾರ ಹಾಕಿ ಹಾಕಿ ಆ ನೆಲವನ್ನು ಕನ್ನಡಿ ಮಾಡಿದ. "ಮಂದಿ ಮನಿಗೆ ಯಾಕ ಇಷ್ಟು ಬಡಕೊಳ್ಳಾಕತ್ತೀರಿ?" ಎಂದರೆ, "ಇರೋ ತನಕ ನಮ್ಮದೇ ಅಲ್ಲೇನು" ಎನ್ನುತ್ತಿದ್ದ. ಮಾಲೀಕ ಬಂದು ನೆಲ ನೋಡಿದ, ಭಾಳ ಹೊಗಳಿದ. ಮರುತಿಂಗಳೇ "ಮಗನ ಮದುವಿ ಅದ, ಖಾಲಿ ಮಾಡ್ರಿ" ಎಂದ. ಮದುವೆಯೂ ಆಗಲಿಲ್ಲ, ಏನೂ ಆಗಲಿಲ್ಲ. ಬೇರೆಯವರನ್ನು ತಂದಿಟ್ಟ.

ಬಾಗಿಲ ಹತ್ತಿರದ ಕಲ್ಲೊಂದು ಮಾತ್ರ ನಮ್ಮ ಕೂಡ ಬಂತು. ಫರಸಿ ಕೆಲಸದವರು ಬಾಗಿಲಗಲ್ಲನ್ನು ಕೊನೆಗೆ ಉಳಿಸಿ, ಮನೆಯ ಯಜಮಾನನ ಕೈಯಿಂದ ಕೂಡಿಸುವುದು ನಿನಗೆ ಗೊತ್ತೇ ಇದೆ. ನಿಮ್ಮಪ್ಪ ಅದನ್ನು ಗಚ್ಚಿಲ್ಲದೆ ಬರೀ ಉಸುಕಿನ ಮೇಲೆ ಇಟ್ಟಿದ್ದ. "ಇಲ್ಲಿ ಯಜಮಾನ ನಾ ಅಲ್ಲ. ಇದು ನಮ್ಮ ಮನಿಗೆ" ಎಂದು ಎತ್ತಿಕೊಂಡ. ಆಮೇಲೆ ಎಷ್ಟು ಬಾಡಿಗೆ ಮನೆ ಬದಲಾದರೂ ಅದು ಗೋಡೆಗೆ ಆನಿಸಿಯೇ ಇತ್ತು, ಈಗಲೂ ಹಾಗೇ ಇದೆ. ನೀನು ಅದರ ಮೇಲೆ ಸುಣ್ಣದ ಕಡ್ಡಿಯಿಂದ ಅ ಆ ತೀಡಿದೆ. ಅವನು ತೀರಿಕೊಂಡ ದಿನವೂ ಆ ಕಡೆಗೇ ನೋಡುತ್ತಿದ್ದ.

ಹಾಗಾಗಿ ಕೇಳು, ಮನೆ ತಗೋ. ನೀನು ದೂರ ಉಳಿಯುತ್ತೀ ಎಂದು ನನಗೆ ಸಂಕಟವಿಲ್ಲವೆಂದರೆ ಸುಳ್ಳಾಗುತ್ತದೆ, ಭಾಳ ಇದೆ. ಅದು ನನ್ನ ಸಂಕಟ, ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಬಾಡಿಗೆಗೆ ಇರಬೇಕಾದರೆ ಸ್ವಂತ ಮನೆಯುಳ್ಳ ಒಬ್ಬರು ಜಾಮೀನು ನಿಲ್ಲಬೇಕು ಅಂದರು, ಯಾರೂ ಸಿಗದೆ ಎರಡು ಮನೆ ತಪ್ಪಿದವು ಎಂದು ನೀನು ಅತ್ತ ದಿನ ನನಗೆ ಶಹಾಬಾದಿನ ಓಣಿಗಳೇ ಕಣ್ಣ ಮುಂದೆ ಬಂದವು. ನಾಳೆ ಯಾರಾದರೂ ಹುಡುಗಿ ಅಲ್ಲಿ ಜಾಮೀನಿಗೆ ಅಲೆಯುತ್ತಿದ್ದರೆ ನೀನು ನಿಲ್ಲು. ಕಂತಿಗೆ ಕೈ ಬಿಗಿಯಾದರೆ ಒಂದು ಹೊತ್ತು ಕಡಿಮೆ ತಿನ್ನಿ, ಹೆದರಬೇಡಿ.

ದೇವಾನಂದನಿಗೆ ನನ್ನ ಆಶೀರ್ವಾದ. ಆ ಒಡತಿಗೂ ಒಂದು ನಮಸ್ಕಾರ ಹೇಳು, ಮೊದಲು ನಿಮ್ಮನ್ನೇ ಕೇಳಿದ್ದಕ್ಕೆ. ಬುದ್ಧ, ಬಾಬಾಸಾಹೇಬರ ನೆರಳು ನಿಮ್ಮ ಮೇಲಿರಲಿ.

ನಿನ್ನ ಅವ್ವ,
ರಮಾಬಾಯಿ

ತಾ.ಕ.: ಬರೆಯುವ ಭರದಲ್ಲಿ ಹೇಳಲೇ ಇಲ್ಲ, ನನ್ನ ಪಾಸ್‌ಪೋರ್ಟ್ ಬಂದಿದೆ. ಬೇಸಿಗೆ ರಜೆಗೆ ಬರುತ್ತೇನೆ, ರಜೆ ಮುಗಿದ ಕೂಡಲೇ ಹೊರಡುತ್ತೇನೆ, ಹಿಡಿಯಬೇಡ. ಕಲ್ಲನ್ನು ಸೀರೆಯಲ್ಲಿ ಸುತ್ತಿ ತೂಕ ಮಾಡಿಸಿದ್ದೇನೆ, ಬಟ್ಟೆ ಕಡಿಮೆ ಮಾಡಿದರೆ ವಿಮಾನದವರು ಬಿಡುತ್ತಾರಂತೆ. ಬಾಗಿಲ ಹತ್ತಿರ ಒಂದು ಫರಸಿಯಷ್ಟು ಜಾಗ ಅಗೆಸಿ ಇಡು. ಇನ್ನೊಬ್ಬರ ಮನೆಯ ಗೋಡೆಗೆ ಆನಿಸಲಿಕ್ಕೆ ನಾನು ಅದನ್ನು ಅಷ್ಟು ದೂರ ಹೊತ್ತು ತರುವುದಿಲ್ಲ. ಗಚ್ಚು ದೇವಾನಂದ ಕಲಸಲಿ. ಕಲ್ಲು ಮಾತ್ರ ನೀನೇ ಕೂಡಿಸಬೇಕು.