ಶುದ್ಧ ಪ್ರತಿಯ ನಲವತ್ತೊಂದನೇ ಪುಟ

ಭಾನುವಾರ, ಜೂನ್ ೧೪

ಪ್ರೀತಿಯ ಇವಳೇ,

ಐದು ವರ್ಷದ ಮೇಲೆ ಇವನಿಗೆ ಹೆಂಡತಿ ನೆನಪಾದಳೇ ಎಂದು ನಿನ್ನ ಅಕ್ಕ ಮೂಗು ಮುರಿಯುತ್ತಾರೆ. ಮುರಿಯಲಿ. ಪತ್ರ ಹರಿದುಹಾಕದಂತೆ ನೋಡಿಕೋ, ಅಷ್ಟು ಸಾಕು.

ನನ್ನ ಸನ್ಯಾಸದ ಕಾದಂಬರಿ ಆರನೇ ಸಲ ಅಚ್ಚಾಗುತ್ತಿದೆ. ಪ್ರಕಾಶಕರು ಮುನ್ನುಡಿ ಕೇಳಿದರು. ಬರೆದದ್ದನ್ನು ತಿರುಗಿ ನೋಡುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತು. ಈ ಸಲ ಬೇರೆ ಕೆಲಸವಿರಲಿಲ್ಲ. ನನ್ನ ಹಸ್ತಪ್ರತಿಯನ್ನೂ ಅಚ್ಚಾದ ಮೇಲೆ ವಾಪಸು ಬಂದಿದ್ದ, ನೀನು ಬರೆದುಕೊಟ್ಟ ಶುದ್ಧ ಪ್ರತಿಯನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಓದಿದೆ. ಮೇಜಿನ ತುಂಬ ಹರಡಿಕೊಳ್ಳಲು ಈಗ ಯಾರ ಅಪ್ಪಣೆಯೂ ಬೇಡ.

ನನ್ನ ಪ್ರತಿಯಲ್ಲಿ ನಾಯಕ ಒಂದು ಮಧ್ಯಾಹ್ನ ಮನೆ ಬಿಡುತ್ತಾನೆ, ಮರುವಾಕ್ಯದಲ್ಲೇ ಬೆಟ್ಟ ಹತ್ತುತ್ತಾನೆ. ನಿನ್ನದರಲ್ಲಿ ನಡುವೆ ನಲವತ್ತೊಂದನೇ ಪುಟವಿದೆ. ಅವನ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಾಳೆ. ಅವನ ಅಂಗಿ ಕೈಗೆ ಬಂದಾಗ ಅದನ್ನೂ ಮಡಿಸಿ, ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ.

ಹದಿನೆಂಟು ವರ್ಷ ಓದುಗರು ಹೊಗಳಿದ್ದು ಆ ಅಂಗಿಯನ್ನೇ. ಅಂಗಿಯೆಂದರೆ ದೇಹವೋ ಅಹಂಕಾರವೋ ಎಂದು ನಾನು ಸಭೆಗಳಲ್ಲಿ ಗಂಟೆಗಟ್ಟಲೆ ಕೊರೆದಿದ್ದೇನೆ. ನೀನು ಮುಂದಿನ ಕುರ್ಚಿಯಲ್ಲೇ ಕೂತಿರುತ್ತಿದ್ದೆ. ಒಳಗೊಳಗೇ ನಕ್ಕಿದ್ದರೆ ಸರಿ. ನಗಲಿಲ್ಲವೇನೋ ಎಂಬ ಯೋಚನೆ ನನ್ನನ್ನು ಹಿಂಡುತ್ತಿದೆ.

ಹೊರಡುವ ದಿನ ನೀನು ಒಂದೇ ಮಾತು ಕೇಳಿದ್ದೆ, ನಿಮ್ಮ ಪುಸ್ತಕದಲ್ಲಿ ನನ್ನ ಕೈ ನಿಮಗೆ ಎಲ್ಲೂ ಕಾಣಿಸಲೇ ಇಲ್ವಾ ಅಂತ. ನಿನ್ನ ಅಕ್ಷರ ದುಂಡಗಿದೆ ಎಂದೆ. ನೀನು ಪೆಟ್ಟಿಗೆ ಎತ್ತಿಕೊಂಡೆ. ಎರಡೂ ಪ್ರತಿಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ಆಗಲೇ ಓದಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ಮುಕ್ತಿಗೆ ಏಕಾಂತ ಬೇಕೆಂದು ಒಂಬತ್ತು ಕಾದಂಬರಿಗಳಲ್ಲಿ ಬರೆದೆ. ಈಗ ಏಕಾಂತ ಬೇಕಾದಷ್ಟಿದೆ. ಹಾಲಿನವನನ್ನು ಮಾತಿಗೆಳೆದೂ ಎಳೆದೂ, ಅವನೀಗ ಪ್ಯಾಕೆಟ್ ಹೊಸ್ತಿಲಲ್ಲಿಟ್ಟು ಜಾಗ ಖಾಲಿ ಮಾಡುತ್ತಾನೆ. ತುಂಬ ಒಂಟಿಯಾಗಿದ್ದೇನೆ ಕಣೇ.

ಶುಕ್ರವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಆ ಪುಟ ನಿನ್ನದೆಂದು, ನಿನ್ನ ಹೆಸರು ಹಾಕಿ, ಮುನ್ನುಡಿಯಲ್ಲಿ ಬರೆದಿದ್ದೇನೆ. ಒಪ್ಪಿಗೆಯಿದ್ದರೆ ಒಂದು ಸಾಲು ಬರೆ. ಮನೆಗೆ ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ,
‘ರೀ’

ತಾ.ಕ.: ಮೇಲೆ ಒಂದು ಸುಳ್ಳಿದೆ. ತಿದ್ದಿ ಬರೆಯಲು ಕೂತರೆ ಅದನ್ನು ಇನ್ನೂ ಚೆಂದ ಮಾಡಿಬಿಡುತ್ತೇನೆಂದು ಹಾಗೇ ಬಿಟ್ಟಿದ್ದೇನೆ. ಆ ಪುಟವನ್ನು ನೀನು ಶುದ್ಧ ಪ್ರತಿ ಕೈಗಿಟ್ಟ ದಿನವೇ ಓದಿದ್ದೆ. ಅಂಥದ್ದು ನನ್ನಿಂದ ಆಗದು ಎಂದು ಆಗಲೇ ಗೊತ್ತಾಯಿತು. ಸುಮ್ಮನೆ ಕಟ್ಟಿ ಪ್ರಕಾಶಕರಿಗೆ ಕಳಿಸಿದೆ. ನಾನು ಏನಾದರೂ ಹೇಳುತ್ತೇನೇನೋ ಎಂದು ನೀನು ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದೆ. ಅದೂ ಕಾಣಿಸಿತ್ತು.